ನಾಲ್ಕು ವೈಜ್ಞಾನಿಕ ಕಾದಂಬರಿ, ನಾಲ್ಕು ರಾಜಕೀಯ: ಮಳೆಗಾಲದ ಓದಿಗೆ ಆರಿಸುವುದು ಹೇಗೆ?

ಮಡಿಕೇರಿ ಮಂಜು
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ವೈಜ್ಞಾನಿಕ ಕಾದಂಬರಿ ಓದಿ ಚರ್ಚಿಸುವ ಯೋಜನೆ ಇದೆ. ಓದುವವರು ಸುಮಾರು 30 ಮಂದಿ: ತೋಟದವರು, ಮೇಷ್ಟ್ರುಗಳು, ಕಾಲೇಜಿನವರು, ರಜೆಗೆ ಊರಿಗೆ ಬರುವ ಸಾಫ್ಟ್‌ವೇರ್‌ನವರು. ಷರತ್ತು ಒಂದೇ, ನಾಲ್ಕೂ ಪುಸ್ತಕ ಒಂದೇ ರಾಜಕೀಯದವು ಆಗಬಾರದು. ಇತ್ತೀಚಿನವು ಹೆಚ್ಚಿರಲಿ.

ಸಿಕ್ಕಿಕೊಂಡಿರುವುದು ಎರಡು ಕಡೆ. ಒಂದು ಕಾದಂಬರಿಯ ರಾಜಕೀಯ ಯಾವುದೆಂದು ತೀರ್ಮಾನಿಸುವುದು ಹೇಗೆ? ಎಡಕ್ಕೆರಡು, ಬಲಕ್ಕೆರಡು ಎಂದು ಹಂಚಿಬಿಟ್ಟರೆ ಆಯಿತೇ? ಇನ್ನೊಂದು ಮತದಾನ. ಕೈ ಎತ್ತಿಸಿದರೆ ಮೊದಲೇ ಮಾತಾಡಿಕೊಂಡು ಬಂದ ಹತ್ತು ಜನ ನಾಲ್ಕೂ ಸ್ಥಾನ ಹೊಡೆದುಕೊಂಡು ಹೋಗುತ್ತಾರೆ. ಗೊತ್ತಿದ್ದವರು ವಿವರವಾಗಿ ಬರೆಯಿರಿ.

ಬ್ರಹ್ಮಗಿರಿ
ಎಡಕ್ಕೆರಡು ಬಲಕ್ಕೆರಡು ಲೆಕ್ಕ ಮೊದಲ ಪುಸ್ತಕದಲ್ಲೇ ಮುಗ್ಗರಿಸುತ್ತದೆ. ರಾಬರ್ಟ್ ಹೈನ್‌ಲೈನ್ ತೆಗೆದುಕೊಳ್ಳಿ. 1959ರ 'ಸ್ಟಾರ್‌ಶಿಪ್ ಟ್ರೂಪರ್ಸ್'ನಲ್ಲಿ ದೇಶಸೇವೆಯ ಅವಧಿ ಮುಗಿಸಿದವರಿಗೆ ಮಾತ್ರ ಮತದಾನದ ಹಕ್ಕು. 1961ರ 'ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್' ಅನ್ನು ಹಿಪ್ಪಿಗಳು ತಲೆಮೇಲೆ ಹೊತ್ತರು. 1966ರ 'ದ ಮೂನ್ ಈಸ್ ಎ ಹಾರ್ಷ್ ಮಿಸ್ಟ್ರೆಸ್'ನಲ್ಲಿ ಚಂದ್ರನ ಮೇಲಿನ ಕೈದಿಗಳ ವಸಾಹತು ಭೂಮಿಯ ವಿರುದ್ಧ ದಂಗೆ ಏಳುತ್ತದೆ, ಅದು ಲಿಬರ್ಟೇರಿಯನ್ನರಿಗೆ, ಅಂದರೆ ಸರ್ಕಾರದ ಹಿಡಿತ ಆದಷ್ಟು ಕಡಿಮೆ ಇರಲಿ ಎನ್ನುವವರಿಗೆ, ಪ್ರಿಯ. ಮೂರಕ್ಕೂ ಹ್ಯೂಗೊ ಪ್ರಶಸ್ತಿ ಬಂದಿದೆ, ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನದ ಸದಸ್ಯರು ಪ್ರತಿ ವರ್ಷ ಮತ ಹಾಕಿ ಕೊಡುವ ಪ್ರಶಸ್ತಿ ಅದು. ಈ ಲೇಖಕನನ್ನು ಯಾವ ಖಾನೆಗೆ ಹಾಕುತ್ತೀರಿ?

ಇನ್ನೊಂದು ಕಡೆಯಿಂದ ನೋಡಿ. ಪ್ರೊಮಿಥಿಯಸ್ ಪ್ರಶಸ್ತಿ ಲಿಬರ್ಟೇರಿಯನ್ ಒಲವಿನದು, 1979ರಲ್ಲಿ ಶುರುವಾದದ್ದು. 1983ರಲ್ಲಿ ಅದರ ಗೌರವ ಪಟ್ಟಿ ಆರಂಭವಾದಾಗ ಮೊದಲು ಸೇರಿದವುಗಳಲ್ಲಿ ಐನ್ ರ‍್ಯಾಂಡ್‌ಳ 'ಅಟ್ಲಾಸ್ ಶ್ರಗ್ಡ್' ಇತ್ತು, ಬಂಡವಾಳಶಾಹಿಯನ್ನು ಎತ್ತಿಹಿಡಿಯುವ ಕಾದಂಬರಿ. ಹತ್ತು ವರ್ಷದ ನಂತರ ಅದೇ ಪಟ್ಟಿಗೆ ಅರ್ಸುಲಾ ಲೆ ಗ್ವಿನ್ ಅವರ 'ದ ಡಿಸ್‌ಪೊಸೆಸ್ಡ್' ಸೇರಿತು. ಖಾಸಗಿ ಆಸ್ತಿಯೇ ಇಲ್ಲದ ಅರಾಜಕತಾವಾದಿ ಸಮಾಜದ ಕಥೆ ಅದು! 1996ರಲ್ಲಿ ಸ್ಕಾಟ್ಲೆಂಡಿನ ಎಡಪಂಥೀಯ ಕೆನ್ ಮೆಕ್ಲಾಯ್ಡ್‌ರಿಗೂ ಅದೇ ಪ್ರಶಸ್ತಿ ಹೋಯಿತು. ಇದು ತೀರ್ಪುಗಾರರ ಗೊಂದಲವಲ್ಲ. ಅವರು ಅಳೆಯುವುದು ಪ್ರಭುತ್ವದ ಮೇಲಿನ ಅನುಮಾನವನ್ನು. ಆ ಅನುಮಾನ ಮಾರುಕಟ್ಟೆವಾದಿಗಳಿಗೂ ಉಂಟು, ಅರಾಜಕತಾವಾದಿಗಳಿಗೂ ಉಂಟು. ಆಸ್ತಿಯ ಪ್ರಶ್ನೆಗೆ ಬಂದಾಗ ಇಬ್ಬರೂ ಕೈ ಬಿಡಿಸಿಕೊಳ್ಳುತ್ತಾರೆ.

ಆದ್ದರಿಂದ ಆಸ್ತಿ ಯಾರದು, ಆಜ್ಞೆ ಯಾರದು, ಹಳೆಯದನ್ನು ಉಳಿಸಬೇಕೋ ಕೆಡವಿ ಕಟ್ಟಬೇಕೋ, ಈ ಮೂರನ್ನು ಬೇರೆಬೇರೆಯಾಗಿ ಗುರುತು ಮಾಡಿಕೊಳ್ಳಿ. ಮೂರರಲ್ಲಿ ಎರಡರಲ್ಲಾದರೂ ಜಗಳವಾಡುವ ಪುಸ್ತಕಗಳನ್ನು ಒಟ್ಟಿಗಿಡಿ.

ಕಾಫಿಕಣ
ಬ್ರಹ್ಮಗಿರಿ ಅಣ್ಣ, ಹೇಳಿದ್ದು ಸರಿ. ಆದರೆ 'ಎಲ್ಲವೂ ಮಿಶ್ರವೇ' ಎಂದು ಹೇಳಿ ಬಲಪಂಥದ ಪುಸ್ತಕ ಒಂದೂ ಇಲ್ಲದ ಪಟ್ಟಿ ಕೊಡುವುದು ಹಳೆಯ ಉಪಾಯ. ಈ ಎಡ ಬಲದ ಜಗಳ ನಿಜವಾದ ಜಗಳವೇ. ಗ್ಯಾಲಕ್ಸಿ ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆಯ 1968ರ ಜೂನ್ ಸಂಚಿಕೆಯಲ್ಲಿ ಲೇಖಕರು ದುಡ್ಡು ಕೊಟ್ಟು ಎರಡು ಜಾಹೀರಾತು ಹಾಕಿಸಿದರು. ಅಮೆರಿಕ ವಿಯೆಟ್ನಾಂನಲ್ಲಿ ಉಳಿಯಬೇಕು ಎಂದು ಸಹಿ ಹಾಕಿದವರಲ್ಲಿ ಹೈನ್‌ಲೈನ್, ಪೋಲ್ ಆ್ಯಂಡರ್ಸನ್, ಲ್ಯಾರಿ ನಿವೆನ್. ಯುದ್ಧ ಬೇಡ ಎಂದವರಲ್ಲಿ ಅಸಿಮೊವ್, ಬ್ರಾಡ್‌ಬರಿ, ಲೆ ಗ್ವಿನ್, ಫಿಲಿಪ್ ಕೆ. ಡಿಕ್. ಆ ಎರಡೂ ಗುಂಪಿನ ಕಥೆಗಳು ಅದೇ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು ಎನ್ನುವುದೇ ಗಮನಿಸಬೇಕಾದ್ದು. ಈಗ ಓದುಗರೇ ಬೇರೆ, ಅಂಗಡಿಯೇ ಬೇರೆ. 1983ರಲ್ಲಿ ಹುಟ್ಟಿದ ಬೇನ್ ಪ್ರಕಾಶನದ ಸೈನಿಕ ಕಾದಂಬರಿ ಓದುವವರು ಒಂದು ಕಡೆ. ಹ್ಯೂಗೊ ಪಟ್ಟಿ ಹಿಡಿದು ಓದುವವರು ಇನ್ನೊಂದು ಕಡೆ. 2016ರಿಂದ ಅಟ್ಲಾಂಟಾದಲ್ಲಿ ಡ್ರ್ಯಾಗನ್ ಪ್ರಶಸ್ತಿ ಬೇರೆ ಬಂತು. ಅದಕ್ಕೆ ದುಡ್ಡು ಕೊಡದೆ ಯಾರು ಬೇಕಾದರೂ ಮತ ಹಾಕಬಹುದು.

ನನ್ನ ಶಿಫಾರಸು ವರ್ನರ್ ವಿಂಜ್‌ರ 'ಎ ಡೀಪ್‌ನೆಸ್ ಇನ್ ದ ಸ್ಕೈ', 1999. ಒಂದು ಕಡೆ ನಕ್ಷತ್ರದಿಂದ ನಕ್ಷತ್ರಕ್ಕೆ ಸರಕು ಸಾಗಿಸುವ ವರ್ತಕರು. ಎದುರಿಗೆ ಎಮರ್ಜೆಂಟ್ಸ್ ಎಂಬ ಆಳುವವರು, ಮಿದುಳಿನಲ್ಲಿ ರೋಗಾಣು ಬಿಟ್ಟು ತಜ್ಞರನ್ನು ಒಂದೇ ವಿಷಯದ ಗುಲಾಮರನ್ನಾಗಿ ಮಾಡುವವರು. ಗುಲಾಮರ ಕೆಲಸ ಅದ್ಭುತವಾಗಿ ನಡೆಯುತ್ತದೆ ಎನ್ನುವುದನ್ನು ಲೇಖಕ ಮುಚ್ಚಿಡುವುದಿಲ್ಲ, ವರ್ತಕರ ಕಡೆಯವರಿಗೇ ಅದರ ಆಸೆ ಹುಟ್ಟುತ್ತದೆ. ಮಾರುಕಟ್ಟೆ ಪರ ವಾದ ಇದಕ್ಕಿಂತ ಪ್ರಾಮಾಣಿಕವಾಗಿ ಸಿಗುವುದು ಕಷ್ಟ. ದಪ್ಪ ಪುಸ್ತಕ, ಅದೊಂದೇ ತೊಂದರೆ.

ಸೋಮವಾರಪೇಟೆ ಟೀಚರ್
ಮಂಜು ಅವರೇ, ಲೇಖಕರ ಹೇಳಿಕೆಗಳನ್ನು ಹುಡುಕಿ ಖಾನೆ ತುಂಬುವ ಬದಲು ಪುಸ್ತಕದೊಳಗಿನ ವ್ಯವಸ್ಥೆಗೆ ಪ್ರಶ್ನೆ ಹಾಕಿ. ಕಸ ಎತ್ತುವವರು ಯಾರು? ಒಪ್ಪದವರು ಬಿಟ್ಟುಹೋಗಲು ದಾರಿ ಇದೆಯೇ? ನಿಯಮ ತಿದ್ದುವ ಅಧಿಕಾರ ಯಾರ ಕೈಯಲ್ಲಿ? ಸೋತವರ ಗತಿ ಏನು? ಪುಸ್ತಕ ಸೂಚಿಸುವವರು ಈ ನಾಲ್ಕಕ್ಕೆ ಒಂದೊಂದು ಸಾಲು ಬರೆದು ಕೊಡಲಿ. ನಾಲ್ಕು ಸಾಲು ಬರೆಯಲಾಗದಿದ್ದರೆ ಆ ಪುಸ್ತಕದಲ್ಲಿ ಚರ್ಚಿಸುವಷ್ಟು ರಾಜಕೀಯ ಇಲ್ಲ, ಅಥವಾ ಸೂಚಿಸಿದವರು ಓದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಹಾವ್ ಜಿಂಗ್‌ಫಾಂಗ್ ಅವರ 'ಫೋಲ್ಡಿಂಗ್ ಬೀಜಿಂಗ್' ಕಾದಂಬರಿಯಲ್ಲ, ನೀಳ್ಗತೆ. 2016ರ ಹ್ಯೂಗೊ ಬಂದಿದೆ. ನಗರವೇ ಮಡಚಿಕೊಳ್ಳುತ್ತದೆ. 48 ಗಂಟೆಯ ಒಂದು ಸುತ್ತಿನಲ್ಲಿ 50 ಲಕ್ಷ ಜನರ ಮೊದಲ ವಲಯಕ್ಕೆ 24 ಗಂಟೆ. ಆಮೇಲೆ ನೆಲ ಮಗುಚಿ, 2.5 ಕೋಟಿ ಜನರ ಎರಡನೇ ವಲಯಕ್ಕೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ 16 ಗಂಟೆ. ಉಳಿದ 8 ಗಂಟೆಯ ರಾತ್ರಿ 5 ಕೋಟಿ ಜನರ ಮೂರನೇ ವಲಯಕ್ಕೆ. ತಮ್ಮ ಸರದಿ ಇಲ್ಲದಾಗ ಎಲ್ಲರೂ ನಿದ್ದೆಯಲ್ಲಿ. ಮೂರನೇ ವಲಯದವರಿಗೆ ಸೂರ್ಯನೇ ಇಲ್ಲ, ಅವರ ಮುಖ್ಯ ಕಸುಬು ಮೇಲಿನವರ ಕಸ ವಿಂಗಡಿಸುವುದು.

ಮೊದಲ ನೋಟಕ್ಕೆ ಇದು ವರ್ಗ ಶೋಷಣೆಯ ಕಥೆ. ಆದರೆ ಕಸ ವಿಂಗಡಣೆಯನ್ನು ಯಂತ್ರಕ್ಕೆ ವಹಿಸುವ ಪ್ರಸ್ತಾಪ ಬಂದಾಗ ಅಧಿಕಾರಿಯೊಬ್ಬ ಅದನ್ನು ತಡೆಯುತ್ತಾನೆ, ಕೋಟಿಗಟ್ಟಲೆ ಜನರ ಕೆಲಸ ಹೋಗುತ್ತದೆ ಎಂದು. ಕ್ರೂರ ವ್ಯವಸ್ಥೆಯೇ ಉದ್ಯೋಗ ಖಾತರಿಯೂ ಆಗಿದೆ. ಸಮಾಜವಾದಿ ಓದುಗನೂ ಮಾರುಕಟ್ಟೆವಾದಿ ಓದುಗನೂ ಇಲ್ಲಿ ತಡವರಿಸುತ್ತಾರೆ. ಇಂಥ ಒಂದು ಜಾಗ ಇರುವ ಪುಸ್ತಕವನ್ನು ಆರಿಸಿದರೆ ಚರ್ಚೆ ತಾನಾಗಿ ನಡೆಯುತ್ತದೆ. ಜುಲೈಗೆ ಇದನ್ನೇ ಇಡಿ. ವಾರಗಟ್ಟಲೆ ಕರೆಂಟ್ ಇಲ್ಲದ ತಿಂಗಳಿಗೆ ಚಿಕ್ಕದೇ ಒಳ್ಳೆಯದು, 'ಅನ್‌ಕ್ಯಾನಿ' ಪತ್ರಿಕೆಯ ಜಾಲತಾಣದಲ್ಲಿ ದುಡ್ಡಿಲ್ಲದೆ ಓದಬಹುದು.

ಹಾರಂಗಿ ದಂಡೆ
ಟೀಚರ್ ಹೇಳಿದ 'ಬಿಟ್ಟುಹೋಗುವ ದಾರಿ'ಗೆ ಸರಿಯಾದ ಪುಸ್ತಕ ಮಲ್ಕಾ ಓಲ್ಡರ್ ಅವರ 'ಇನ್ಫೊಮಾಕ್ರಸಿ', 2016. ದೇಶಗಳು ಬಹುಮಟ್ಟಿಗೆ ಕರಗಿವೆ. ಪ್ರಪಂಚ ತಲಾ 1 ಲಕ್ಷ ಜನರ ತುಂಡುಗಳಾಗಿದೆ. ಪ್ರತಿ ತುಂಡೂ ಜಗತ್ತಿನ ಯಾವ ಪಕ್ಷದ ಸರ್ಕಾರ ಬೇಕೋ ಅದನ್ನು ಆರಿಸಿಕೊಳ್ಳುತ್ತದೆ. ರಸ್ತೆ ದಾಟಿದರೆ ಕಾನೂನು ಬೇರೆ. ಹತ್ತು ವರ್ಷಕ್ಕೊಮ್ಮೆ ಚುನಾವಣೆ, ಅತಿ ಹೆಚ್ಚು ತುಂಡು ಗೆದ್ದವರಿಗೆ ಜಾಗತಿಕ ಮೇಲುಗೈ. ಸುಳ್ಳು ಪ್ರಚಾರ ಹಿಡಿಯಲು ಮಾಹಿತಿ ಸಂಸ್ಥೆಯೊಂದು ಎಲ್ಲರ ಮೇಲೂ ಕಣ್ಣಿಟ್ಟಿರುತ್ತದೆ.

ಇದನ್ನು ಓದಿ ಸುಮ್ಮನಿರದೆ ನಮ್ಮ ಜಿಲ್ಲೆಯ ಮೇಲೆ ಹಾಕಿ ನೋಡಬೇಕು. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಐದು ತುಂಡು ಆಗಿ 54,519 ಜನ ಮಿಕ್ಕುತ್ತಾರೆ. ಅವರನ್ನು ಪಿರಿಯಾಪಟ್ಟಣದ ಕಡೆಗೆ ಸೇರಿಸುತ್ತೀರೋ, ಸುಳ್ಯದ ಕಡೆಗೋ, ವಯನಾಡಿನ ಕಡೆಗೋ? ಪ್ರತಿ ಉತ್ತರಕ್ಕೂ ಬೇರೆ ಫಲಿತಾಂಶ. ಗಡಿ ಎಳೆಯುವವನೇ ಅರ್ಧ ಚುನಾವಣೆ ಮುಗಿಸಿರುತ್ತಾನೆ. ಲೈನ್‌ಮನೆಯಲ್ಲಿ (ತೋಟದ ಕೂಲಿಯವರ ಸಾಲುಮನೆ) ಇರುವ ಅಸ್ಸಾಮಿನ ಕಾರ್ಮಿಕರನ್ನು ಇಲ್ಲಿ ಎಣಿಸುತ್ತೀರೋ ಅವರ ಊರಿನಲ್ಲೋ ಎನ್ನುವುದು ಎರಡನೇ ಪ್ರಶ್ನೆ. ಮೂರನೆಯದು ಆನೆ. ತಿತಿಮತಿ ಕಡೆಯ ಒಂದು ಹಿಂಡು ಒಂದೇ ರಾತ್ರಿ ಎರಡು ಸರ್ಕಾರದ ಗದ್ದೆ ತುಳಿದರೆ ಪರಿಹಾರ ಕೊಡುವವರು ಯಾರು? ಕಾದಂಬರಿ ನಗರಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನದಿ, ಕಾಡು, ಪ್ರಾಣಿ ಬಂದ ಕೂಡಲೇ ಅದರ ಹೊಲಿಗೆ ಬಿಚ್ಚುತ್ತದೆ.

ಕೊಡಗಿನ ಓದುಗರಿಗೆ ಇದು ಬರೀ ಕಲ್ಪನೆಯೂ ಅಲ್ಲ. 1952ರಲ್ಲಿ 24 ಸದಸ್ಯರ ಸ್ವಂತ ವಿಧಾನಸಭೆ ಇದ್ದ ಜಾಗ, 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಳಗೆ ಬಂತು, ಈಗ ಎರಡು ಕ್ಷೇತ್ರ. ಸಣ್ಣ ಆಡಳಿತದ ಲಾಭ ನಷ್ಟ ಎರಡನ್ನೂ ಹಿರಿಯರು ಚೆನ್ನಾಗಿ ಮಾತಾಡಬಲ್ಲರು. ಈ ಪುಸ್ತಕದ ತಿಂಗಳು ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಕಾಫಿಕಣ
ತುಂಡು ಸರ್ಕಾರಕ್ಕೆ ಮರದ ಹಕ್ಕನ್ನೂ ಸೇರಿಸಿ ಮಾರಾಯ್ರೆ, ಆಗ ನೋಡಿ ಗಮ್ಮತ್ತು.

ಬ್ರಹ್ಮಗಿರಿ
ಮರದ ಹಕ್ಕು ಎಂದಿರಲ್ಲ, ಅದಕ್ಕೆ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ 'ದ ಮಿನಿಸ್ಟ್ರಿ ಫಾರ್ ದ ಫ್ಯೂಚರ್' (2020) ಇದೆ. ಉತ್ತರ ಪ್ರದೇಶದ ಪಟ್ಟಣವೊಂದರ ಬಿಸಿಗಾಳಿಯಿಂದ ಕಥೆ ತೆರೆದುಕೊಳ್ಳುತ್ತದೆ. ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿಯುವ ಒದ್ದೆ ಬಲ್ಬಿನ ತಾಪಮಾನ 35 ಡಿಗ್ರಿ ದಾಟಿ ಹಾಗೇ ನಿಂತರೆ ಬೆವರು ಆರುವುದಿಲ್ಲ, ಆರೋಗ್ಯವಂತನ ದೇಹವೂ ತಣಿಯಲಾರದು. ಆ ಆಘಾತದ ನಂತರ ಭಾರತ ಯಾರನ್ನೂ ಕೇಳದೆ ವಾಯುಮಂಡಲದ ಮೇಲ್ಪದರಕ್ಕೆ ಗಂಧಕದ ಕಣ ಸಿಂಪಡಿಸುತ್ತದೆ. ಕೇಂದ್ರ ಬ್ಯಾಂಕುಗಳು ಇಂಗಾಲ ನಾಣ್ಯ ಹೊರಡಿಸುತ್ತವೆ, ಒಂದು ಟನ್ ಇಂಗಾಲ ಹಿಡಿದಿಟ್ಟರೆ ಒಂದು ನಾಣ್ಯ.

ಈಗ ಆ ನಾಣ್ಯ ಕೊಡಗಿನ ತೋಟಕ್ಕೆ ಬಂತು ಅನ್ನಿ. ರಿಡೀಮ್ಡ್ ಜಾಗವಾದರೆ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದಾದರೆ, ಮರ ಮಾಲೀಕನದ್ದು. ಅನ್‌ರಿಡೀಮ್ಡ್ ಆದರೆ ನೆಲ ಸಾಗುವಳಿದಾರನದ್ದು, ಮರದ ಹಕ್ಕು ಸರ್ಕಾರದ್ದು. ನೆರಳಿನ ಮರಕ್ಕೆ ಕಪಾತು ಮಾಡಿದವನು ಕಾರ್ಮಿಕ. ದೇವರಕಾಡಿನ ಮರ ಊರಿನದ್ದೆಂದು ಊರು ಹೇಳುತ್ತದೆ, ಅರಣ್ಯ ಇಲಾಖೆ ಇನ್ನೊಂದು ಹೇಳುತ್ತದೆ. ನಾಣ್ಯ ಯಾರ ಖಾತೆಗೆ? ರಾಬಿನ್ಸನ್ ಎಡಪಂಥೀಯ. ಆದರೂ ಅವರ ಪರಿಹಾರ ನಿಂತಿರುವುದು ಬ್ಯಾಂಕು, ನಾಣ್ಯ, ಅಧಿಕಾರಿಗಳ ಮೇಲೆ. ಜೊತೆಗೆ ಕತ್ತಲಲ್ಲಿ ನಡೆಯುವ ಹಿಂಸೆಯ ಮೇಲೆ ಕೂಡ. ಚರ್ಚೆಯಲ್ಲಿ ಈ ಕೊನೆಯದನ್ನು ದಾಟಿಹೋಗಲು ಬಿಡಬೇಡಿ. ಪುಸ್ತಕ ಅದನ್ನು ಖಂಡಿಸುವುದೂ ಇಲ್ಲ, ಪೂರ್ತಿ ತೋರಿಸುವುದೂ ಇಲ್ಲ. ನನಗೆ ಅದು ಆ ಕಾದಂಬರಿಯ ದೊಡ್ಡ ಕುಂದು.

ಪೊನ್ನಂಪೇಟೆ ಓದುಗ
ಲಿಯು ಸಿಶಿನ್ ಹೆಸರು ಯಾರೂ ಎತ್ತಲೇ ಇಲ್ಲ. 'ಥ್ರೀ ಬಾಡಿ ಪ್ರಾಬ್ಲಂ' ಬೇಡವೇ?

ಸೋಮವಾರಪೇಟೆ ಟೀಚರ್
ಬೇಕು, ಎಚ್ಚರಿಕೆಯಿಂದ. ಚೀನಿಯಲ್ಲಿ 2006ರಲ್ಲಿ ಧಾರಾವಾಹಿಯಾಗಿ ಬಂತು, 2008ರಲ್ಲಿ ಪುಸ್ತಕ. ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಪ್ರಾಧ್ಯಾಪಕನನ್ನು ವೇದಿಕೆಯ ಮೇಲೆ ಹೊಡೆದು ಕೊಲ್ಲುವ ದೃಶ್ಯ ಚೀನಿ ಪುಸ್ತಕದಲ್ಲಿ ನಡುವೆ ಇದೆ. ಕೆನ್ ಲಿಯು ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಅದೇ ಮೊದಲ ಅಧ್ಯಾಯ. ದೃಶ್ಯದ ಜಾಗ ಬದಲಾದದ್ದಕ್ಕೆ ಪುಸ್ತಕದ ರಾಜಕೀಯವೇ ಬೇರೆಯಾಗಿ ಕಾಣುತ್ತದೆ. ಇಂಗ್ಲಿಷ್ ಓದುಗನಿಗೆ ಇದು ಆರಂಭದಿಂದಲೇ ಪ್ರಭುತ್ವದ ವಿಮರ್ಶೆ. ಮುಂದಿನ ಭಾಗಗಳಿಗೆ ಹೋದಂತೆ ಕಥೆಯ ಒಲವು ಬೇರೆ ಕಡೆಗೆ, ವಿಪತ್ತಿನಲ್ಲಿ ಮೃದು ಮನಸ್ಸು ಜನರನ್ನು ಕೊಲ್ಲುತ್ತದೆ, ಕಠಿಣ ನಾಯಕ ಉಳಿಸುತ್ತಾನೆ ಎಂಬಲ್ಲಿಗೆ. ಇದು ಸಂಪ್ರದಾಯವಾದವೇ, ಸರ್ವಾಧಿಕಾರದ ಸಮರ್ಥನೆಯೇ, ಬರೀ ಭೌತಶಾಸ್ತ್ರದ ತರ್ಕವೇ ಎಂದು ಇವತ್ತಿಗೂ ಜಗಳ ಇದೆ. ಮೊದಲ ಭಾಗ ಮಾತ್ರ ಓದಿಸಿದರೆ ಗುಂಪಿಗೆ ಅರ್ಧ ಚಿತ್ರ ಸಿಗುತ್ತದೆ. ಎರಡನೆಯದನ್ನೂ ಓದಿಸುವ ಧೈರ್ಯ ಇದ್ದರೆ ಮಾತ್ರ ಸೇರಿಸಿ.

ಕಾಫಿಕಣ
ಒಪ್ಪಲಾರೆ ಟೀಚರೇ. ಅರ್ಧ ಚಿತ್ರ ಎಂದು ಬಿಟ್ಟರೆ ಸರಣಿಯ ಪುಸ್ತಕ ಯಾವುದನ್ನೂ ಓದುವ ಹಾಗಿಲ್ಲ. ಮೊದಲ ಭಾಗ ಓದಿಸಿ, ಎರಡನೆಯದರ ಮುಖ್ಯ ವಾದವನ್ನು ಒಬ್ಬರು ಹತ್ತು ನಿಮಿಷ ಹೇಳಲಿ.

ಭಾಗಮಂಡಲ 3
ಈಗ ಮತದಾನದ ವಿಷಯ. ಮಂಜು ಅವರು ಹೆದರಿದ್ದು 2015ರಲ್ಲಿ ಹ್ಯೂಗೊಗೆ ನಿಜವಾಗಿ ಆಯಿತು. ಆಗ ಒಬ್ಬೊಬ್ಬರು ಪ್ರತಿ ವಿಭಾಗಕ್ಕೆ ಐದು ಹೆಸರು ಸೂಚಿಸಬಹುದಿತ್ತು, ಅಂತಿಮ ಪಟ್ಟಿಯಲ್ಲೂ ಐದೇ ಸ್ಥಾನ. 'ಸ್ಯಾಡ್ ಪಪೀಸ್', 'ರ‍್ಯಾಬಿಡ್ ಪಪೀಸ್' ಎಂಬ ಎರಡು ಬಲಪಂಥೀಯ ಬಣಗಳು ಸಿದ್ಧ ಪಟ್ಟಿ ಹಂಚಿದವು. ಉಳಿದವರ ಸೂಚನೆ ನೂರಾರು ಪುಸ್ತಕಗಳ ಮೇಲೆ ಚದುರಿಹೋಗುವುದರಿಂದ ಸಣ್ಣ ಬಣವೂ ಇಡೀ ವಿಭಾಗ ತುಂಬಿತು. ಅಂತಿಮ ಸುತ್ತಿನಲ್ಲಿ ಮತದಾರರು ಐದು ವಿಭಾಗಗಳಲ್ಲಿ 'ಯಾರಿಗೂ ಬೇಡ' ಎಂದು ಒತ್ತಿದರು. ಬಣದವರು ಹೇಳುತ್ತಿದ್ದುದು ಪ್ರಶಸ್ತಿ ಒಂದೇ ಕಡೆಗೆ ವಾಲಿದೆ ಎಂದು. ಆ ದೂರಿನಲ್ಲಿ ಹುರುಳಿದೆಯೋ ಇಲ್ಲವೋ ಬೇರೆ ಮಾತು. ಎಣಿಕೆಯ ಕ್ರಮದಲ್ಲಿ ತೂತು ಇದ್ದದ್ದು ನಿಜ.

ತೂತು ಮುಚ್ಚಲು ತಂದ ವಿಧಾನ 2017ರಿಂದ ಜಾರಿಯಲ್ಲಿದೆ, ಹೆಸರು 'ಇ ಪ್ಲೂರಿಬಸ್ ಹ್ಯೂಗೊ'. ಈಗ ಐದು ಸೂಚನೆ, ಆರು ಸ್ಥಾನ. ಪ್ರತಿಯೊಬ್ಬರಿಗೂ ಒಂದೇ ಅಂಕ. ಅವರು ಬರೆದ ಪುಸ್ತಕಗಳಿಗೆ ಅದು ಸಮನಾಗಿ ಹಂಚಿಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಅತಿ ಕಡಿಮೆ ಅಂಕದ ಎರಡನ್ನು ಎದುರುಬದುರು ನಿಲ್ಲಿಸಿ, ಅವುಗಳಲ್ಲಿ ಕಡಿಮೆ ಜನ ಸೂಚಿಸಿದ್ದನ್ನು ಕೈಬಿಡಬೇಕು. ಬಿದ್ದದ್ದರ ಪಾಲು ಅದೇ ಚೀಟಿಯ ಉಳಿದ ಪುಸ್ತಕಗಳಿಗೆ ಹೋಗುತ್ತದೆ. ಬೇಕಾದಷ್ಟು ಉಳಿಯುವವರೆಗೆ ಇದೇ.

30 ಜನಕ್ಕೆ ಲೆಕ್ಕ ಹಾಕೋಣ. ನಾಲ್ಕು ಹೆಸರು ಬರೆಯಬಹುದು, ನಾಲ್ಕು ಸ್ಥಾನ. 10 ಜನರ ಬಣ ಅ, ಆ, ಇ, ಈ ಎಂದು ಒಂದೇ ಪಟ್ಟಿ ಬರೆಯಿತು. ಉಳಿದ 20ರಲ್ಲಿ 5 ಜನ ಕ ಮತ್ತು ಖ, 3 ಜನ ಕ ಮತ್ತು ಗ, 2 ಜನ ಖ ಮತ್ತು ಘ, 4 ಜನ ಗ ಮತ್ತು ಘ ಬರೆದರು. ಕೊನೆಯ 6 ಜನ ತಲಾ ಬೇರೆ ಬೇರೆ ಒಂದೊಂದೇ ಪುಸ್ತಕ.

ಸಾದಾ ಎಣಿಕೆಯಲ್ಲಿ ಅ, ಆ, ಇ, ಈ ತಲಾ 10. ಕ 8, ಖ 7, ಗ 7, ಘ 6. ಮೂರನೇ ಒಂದು ಭಾಗ ಜನರಿಗೆ ನಾಲ್ಕಕ್ಕೆ ನಾಲ್ಕೂ.

ಹೊಸ ಎಣಿಕೆಯಲ್ಲಿ ಬಣದ ಪ್ರತಿ ಪುಸ್ತಕಕ್ಕೆ 2.5 ಅಂಕ. ಕ 4, ಖ 3.5, ಗ 3.5, ಘ 3. ಒಂಟಿ ಆರು ಪುಸ್ತಕ ಮೊದಲೇ ಬೀಳುತ್ತವೆ. ಆಮೇಲೆ ತಳದಲ್ಲಿ ಬಣದ ನಾಲ್ಕೂ ಸಮಸಮ, ಚೀಟಿ ಎತ್ತಿದಾಗ ಈ ಹೋಯಿತು ಎನ್ನಿ. ಉಳಿದ ಮೂರಕ್ಕೆ ತಲಾ 3.33. ಈಗ ತಳದಲ್ಲಿ ಘ (3). ಅದರ ಮೇಲೆ ಬಣದ ಮೂರು. ಘ ಸೂಚಿಸಿದವರು 6, ಬಣದವಕ್ಕೆ 10. ಘ ಹೊರಗೆ. ಅದರ ಪಾಲು ಹಂಚಿ ಖ 4.5 ಆಗುತ್ತದೆ, ಗ 5.5. ಮತ್ತೆ ತಳದಲ್ಲಿ ಬಣದ ಮೂರೇ, ಚೀಟಿಯಲ್ಲಿ ಇ ಹೋಯಿತು. ಅ ಮತ್ತು ಆ ತಲಾ 5. ಈಗ ಕೆಳಗಿನ ಎರಡು ಕ (4) ಮತ್ತು ಖ (4.5). ಕ ಸೂಚಿಸಿದವರು 8, ಖ 7. ಖ ಹೊರಗೆ. ಉಳಿದವು ಅ, ಆ, ಕ, ಗ.

ಕಾಗದದ ಮೇಲೆ ಎರಡು ಕಂಬ ಎಳೆದು, ಒಂದರಲ್ಲಿ ಅಂಕ, ಇನ್ನೊಂದರಲ್ಲಿ ಸೂಚಿಸಿದವರ ಸಂಖ್ಯೆ ಬರೆದುಕೊಂಡರೆ ಅರ್ಧ ಗಂಟೆಯ ಕೆಲಸ. ತಪ್ಪುವುದು ಸಾಮಾನ್ಯವಾಗಿ ಒಂದೇ ಕಡೆ: ಅಂಕ ಕಡಿಮೆ ಇದ್ದದ್ದನ್ನೇ ನೇರವಾಗಿ ಹೊಡೆದುಹಾಕುತ್ತಾರೆ. ಅಂಕ ಬರೀ ಕಣಕ್ಕೆ ಇಳಿಸುವುದಕ್ಕೆ, ಸೋಲು ಗೆಲುವು ಸಂಖ್ಯೆಯ ಮೇಲೆ. ಮೇಲಿನ ಲೆಕ್ಕದಲ್ಲಿ ಹಾಗೆ ತಪ್ಪಿದ್ದರೆ ಖ ಬದಲು ಕ ಬೀಳುತ್ತಿತ್ತು.

ಪೊನ್ನಂಪೇಟೆ ಓದುಗ
ಹತ್ತು ಜನರಿಗೆ ಇನ್ನೂ ಅರ್ಧ ಸಿಕ್ಕಿತಲ್ಲ! ಇದೆಂತ ಪರಿಹಾರ?

ಭಾಗಮಂಡಲ 3
ಬಣವನ್ನು ಹೊರಗಿಡುವ ವಿಧಾನ ಇದಲ್ಲ. ಎಲ್ಲವನ್ನೂ ನುಂಗದಂತೆ ತಡೆಯುತ್ತದೆ, ಅಷ್ಟೇ. ಹತ್ತು ಜನರಿಗೆ ನಿಜವಾಗಿಯೂ ಒಂದೇ ಅಭಿರುಚಿ ಇದ್ದರೆ ಅವರಿಗೂ ಪಾಲು ಬೇಕಲ್ಲ. ಇಲ್ಲಿ ಅರ್ಧ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣ ಒಂಟಿ ಪುಸ್ತಕ ಬರೆದ ಆ ಆರು ಜನ. ಅವರ ಚೀಟಿ ಮೊದಲ ಸುತ್ತಿನಲ್ಲೇ ಸತ್ತಿತು. ಅವರೂ ಮೂರು ನಾಲ್ಕು ಹೆಸರು ಬರೆದಿದ್ದರೆ ಕ, ಖ, ಗ, ಘ ಯಾವುದಕ್ಕಾದರೂ ಬಲ ಬರುತ್ತಿತ್ತು. ಓದಿ ಇಷ್ಟಪಟ್ಟದ್ದು ಎಷ್ಟಿದೆಯೋ ಅಷ್ಟನ್ನೂ ಬರೆಯಲು ಹೇಳಿ.

ಬ್ರಹ್ಮಗಿರಿ
ಎಣಿಸುವವರ ಮೇಲೂ ಕಣ್ಣಿರಲಿ. 2023ರ ಚೆಂಗ್ಡು ಸಮ್ಮೇಳನದ ಹ್ಯೂಗೊದಲ್ಲಿ ಮತದಾರರು ತಪ್ಪಲಿಲ್ಲ. ಆರ್. ಎಫ್. ಕುವಾಂಗ್ ಅವರ 'ಬಾಬೆಲ್' ಕಾದಂಬರಿ, ಶಿರನ್ ಜೇ ಜಾವ್ ಮುಂತಾದ ಕೆಲವರನ್ನು ಕಾರಣ ಕೊಡದೆ ಅನರ್ಹ ಎಂದು ನಮೂದಿಸಿದ್ದು 2024ರ ಜನವರಿಯಲ್ಲಿ ಅಂಕಿಅಂಶ ಹೊರಬಿದ್ದಾಗ ಗೊತ್ತಾಯಿತು. ಫೆಬ್ರವರಿಯಲ್ಲಿ ಬಯಲಾದ ಮಿಂಚಂಚೆಗಳಲ್ಲಿ, ಲೇಖಕರು ಚೀನಾ ಬಗ್ಗೆ ಏನು ಬರೆದಿದ್ದಾರೆ ಎಂದು ಪಾಶ್ಚಾತ್ಯ ಆಡಳಿತಗಾರರೇ ಕೂತು ಪಟ್ಟಿ ಮಾಡಿದ್ದು ಕಂಡಿತು. 2024ರ ಹ್ಯೂಗೊ ನಡೆಸಿದ ಗ್ಲಾಸ್ಗೊದವರು ಫಲಿತಾಂಶಕ್ಕೆ ಮೊದಲೇ, 377 ಮತ ಅನುಮಾನಾಸ್ಪದ, ಎಣಿಸಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಹೆಚ್ಚಿನವು ಒಬ್ಬರೇ ಸ್ಪರ್ಧಿಯ ಪರವಾಗಿದ್ದವು. ಆ ಸ್ಪರ್ಧಿಗೆ ಇದರ ಅರಿವಿತ್ತು ಎನ್ನಲು ಆಧಾರವಿಲ್ಲವೆಂದು ಹೆಸರು ಹೇಳಲಿಲ್ಲ. ಮತ ಕೈಬಿಡುವುದು ಎರಡೂ ಕಡೆ ನಡೆಯಿತು. ಒಂದು ಕಡೆ ಕಾರಣ ಮುಂಚೆ ಬಂತು, ಇನ್ನೊಂದು ಕಡೆ ಬರಲೇ ಇಲ್ಲ.

ಹಾರಂಗಿ ದಂಡೆ
ಮತದ ಲೆಕ್ಕ ಚೆನ್ನಾಗಿದೆ. ಆದರೆ ಸೂಚನೆಗೆ ಬರುವ ಪುಸ್ತಕವೆಲ್ಲ ಅಮೆರಿಕದ್ದೇ ಆದರೆ ಎಣಿಕೆ ಎಷ್ಟು ಚಂದ ಇದ್ದು ಏನು ಉಪಯೋಗ? ರೊಕೆಯಾ ಹುಸೇನ್ 1905ರಲ್ಲಿ 'ಸುಲ್ತಾನಾಸ್ ಡ್ರೀಮ್' ಬರೆದದ್ದು ಮದರಾಸಿನ ಪತ್ರಿಕೆಗೆ. ಸೌರಶಕ್ತಿಯಿಂದ ಅಡುಗೆ, ಮೋಡದಿಂದ ನೀರು, ಗಂಡಸರು ಪರದೆಯೊಳಗೆ. ಈಗಿನದು ಬೇಕಿದ್ದರೆ ಲಾವಣ್ಯ ಲಕ್ಷ್ಮೀನಾರಾಯಣ್ ಅವರ 'ದ ಟೆನ್ ಪರ್ಸೆಂಟ್ ಥೀಫ್'. ಬೆಂಗಳೂರು ಇಲ್ಲಿ ಕಂಪನಿ ಆಳುವ 'ಅಪೆಕ್ಸ್ ಸಿಟಿ'. ಜನರನ್ನು ಕೆಲಸದ ಅಂಕದ ಮೇಲೆ ಮೇಲಿನ 20, ನಡುವಿನ 70, ತಳದ 10 ಶೇಕಡಾ ಎಂದು ವಿಂಗಡಿಸುತ್ತಾರೆ. ತಳಕ್ಕೆ ಬಿದ್ದವರು ವಿದ್ಯುತ್ ಬೇಲಿಯ ಆಚೆಗೆ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ರೇಟಿಂಗ್ ಪಡೆಯುವವರಿಗೆ ವಿವರಿಸುವ ಅಗತ್ಯವೇ ಇಲ್ಲ. 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಕಿರುಪಟ್ಟಿಯಲ್ಲಿತ್ತು.

ಕನ್ನಡದ್ದು ಎಂದರೆ ತೇಜಸ್ವಿಯವರ 'ಕರ್ವಾಲೊ' (1980). ರಾಕೆಟ್ ಇಲ್ಲ, ಆದ್ದರಿಂದ ಕೆಲವರು ಈ ವರ್ಗಕ್ಕೇ ಸೇರಿಸುವುದಿಲ್ಲ. ಆದರೆ ವಿಜ್ಞಾನಿ ಹುಡುಕುವ ಹಾರುವ ಓತಿಯನ್ನು ಕಂಡವನು ಜೇನು ಹಿಡಿಯುವ ಮಂದಣ್ಣ. ತಿಳಿವಳಿಕೆ ಯಾರ ಬಳಿ ಇದೆ, ಅದಕ್ಕೆ ಬೆಲೆ ಯಾರಿಗೆ ಸಿಗುತ್ತದೆ ಎಂಬುದು ಪೂರ್ತಿ ರಾಜಕೀಯದ ಪ್ರಶ್ನೆ. ಟೀಚರ್ ಕೇಳಿದ ನಾಲ್ಕು ಸಾಲನ್ನು ಇದಕ್ಕೆ ಸಲೀಸಾಗಿ ಬರೆಯಬಹುದು.

ಕಾಲೂರು ಕಿರಿಯ
ಓದುವುದು ಆಯಿತು. ಇಂಥದ್ದನ್ನು ಕೊಡಗಿನ ಮೇಲೆ ಬರೆಯಬೇಕೆಂದರೆ ಎಲ್ಲಿಂದ ಹಿಡಿಯಬೇಕು? ಪ್ರಚಾರದ ಕಥೆ ಆಗಬಾರದು.

ಕಾಫಿಕಣ
ಹೂ ಮಳೆಯಿಂದ ಹಿಡಿ ತಮ್ಮ. ರೋಬಸ್ಟಾ ಕಾಫಿಗೆ ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಇಂಚು ಮಳೆ ಬೇಕು. ಬಿದ್ದ ವಾರ ಹತ್ತು ದಿನಕ್ಕೆ ಹೂವು, ಮೂರು ವಾರದ ಹೊತ್ತಿಗೆ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ಕಚ್ಚಲು ಬೇಕಾದ ಎರಡನೇ ಮಳೆ. ಬರದಿದ್ದರೆ ಸ್ಪ್ರಿಂಕ್ಲರ್. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್, ಹತ್ತು ಎಕರೆಗೆ ಹತ್ತು ಲಕ್ಷದ ಮೇಲೆ. ತೋಡಿನಲ್ಲಿ (ಸಣ್ಣ ಹೊಳೆ) ನೀರು ಅತಿ ಕಡಿಮೆ ಇರುವ ತಿಂಗಳಿಗೇ ಎಲ್ಲರ ಪಂಪೂ ಒಟ್ಟಿಗೆ ಶುರು. ಕೆಳಗಿನವರಿಗೆ ಕುಡಿಯಲೂ ನೀರಿಲ್ಲ. ಇನ್ನೂ ಕೆಳಗೆ ನೋಡಿದರೆ, ಕಾವೇರಿ ಸೇರುವ ಅದೇ ನೀರಿನಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಟಿಎಂಸಿ ಲೆಕ್ಕ. ಇಷ್ಟೂ ನಿಜ. ಇಲ್ಲಿಂದ ಐವತ್ತು ವರ್ಷ ಮುಂದಕ್ಕೆ ತಳ್ಳು.

ಸೋಮವಾರಪೇಟೆ ಟೀಚರ್
ಅದಕ್ಕೆ ಒಂದೇ ಒಂದು ಹೊಸ ಯಂತ್ರ ಸೇರಿಸು ಮಗು, ಹೆಚ್ಚು ಬೇಡ. ಪ್ರತಿ ಪಂಪಿಗೂ ಸರದಿ ಕೊಡುವ ಸಂವೇದಕದ ಜಾಲ ಎಂದಿಟ್ಟುಕೋ. ಈಗ ನಾಲ್ಕು ಜನರನ್ನು ತಾ. ನೀರಿನ ಪಾಲನ್ನು ಮಾರುವ ಹಕ್ಕು ಬೇಕೆನ್ನುವ ಬೆಳೆಗಾರ. ಜಾಲವೇ ನಿರ್ಧರಿಸಲಿ ಎನ್ನುವ ಎಂಜಿನಿಯರ್. ತೋಡಿನ ಮಾತು ಊರಿನ ತಕ್ಕರು (ಮುಖ್ಯಸ್ಥರು) ಹೇಳಿದಂತೆ ಆಗಬೇಕೆನ್ನುವ ಹಿರಿಯರು. ಲೈನ್‌ಮನೆಯ ನಲ್ಲಿಗೆ ಸಂವೇದಕವೇ ಇಲ್ಲ ಎಂದು ಕಂಡುಹಿಡಿಯುವ ಕಾರ್ಮಿಕ ಹೆಂಗಸು.

ಹೊಸಬರ ಕಥೆ ಕೆಡುವುದು ಇಲ್ಲಿಂದ ಮುಂದೆ. ಬರೆಯುವವನಿಗೆ ಒಪ್ಪದ ಪಾತ್ರ ದಡ್ಡನೋ ದುಷ್ಟನೋ ಆಗಿಬಿಡುತ್ತದೆ. ತಡೆಯಲು ಮಾಡಬೇಕಾದ್ದು ಸರಳ. ನೀನು ಒಪ್ಪದ ಪಾತ್ರದ ಸಲಹೆಯಂತೆ ನಡೆದಾಗ ಒಂದು ಸಲವಾದರೂ ಬೆಳೆ ಉಳಿಯಬೇಕು. ನಿನಗೆ ಪ್ರಿಯವಾದ ಪಾತ್ರದ ಮಾತು ಕೇಳಿ ಯಾರಾದರೂ ನಷ್ಟ ಅನುಭವಿಸಬೇಕು, ಅದು ಅವನ ಕಣ್ಣೆದುರೇ ಆಗಬೇಕು. ಇನ್ನೊಂದು, ವ್ಯವಸ್ಥೆಯನ್ನು ಸಂಭಾಷಣೆಯಲ್ಲಿ ವಿವರಿಸಬೇಡ. ಬೆಳಗಿನ ಜಾವ ಪಂಪ್ ತಾನಾಗಿ ನಿಂತಾಗ ತೋಟದ ಲೆಕ್ಕ ನೋಡುವ ರೈಟರ್ ಯಾರಿಗೆ ಫೋನ್ ಮಾಡುತ್ತಾನೆ, ಅವರು ಎತ್ತುತ್ತಾರೋ ಇಲ್ಲವೋ ಬರೆ. ಅಧಿಕಾರ ಎಲ್ಲಿದೆ ಎಂದು ಓದುಗನಿಗೆ ಗೊತ್ತಾಗುತ್ತದೆ.

ಹಾರಂಗಿ ದಂಡೆ
ಹಿರಿಯರ ಪಾತ್ರವನ್ನು ಬರೀ ಹಳೆಯ ಕಾಲದ ನೆನಪಿಗೆ ಇಡಬೇಡ. ಸಂಪ್ರದಾಯದ ಪರ ಗಟ್ಟಿ ವಾದ ಇದೆ: ಜಾಲ ಕೆಟ್ಟ ದಿನವೂ ಊರಿನ ಒಪ್ಪಂದ ನಡೆಯುತ್ತದೆ. ಗಟ್ಟಿ ವಿರೋಧವೂ ಇದೆ: ಆ ಒಪ್ಪಂದದ ಸಭೆಗೆ ಮೂಲನಿವಾಸಿಗಳಾದ ಯರವರನ್ನು, ಕುರುಬರನ್ನು ಯಾರೂ ಕರೆದಿರಲಿಲ್ಲ.

ಮಡಿಕೇರಿ ಮಂಜು
ಎಲ್ಲರಿಗೂ ವಂದನೆ. ಹೀಗೆ ಮಾಡುತ್ತೇವೆ. ಸೂಚನೆಯ ಜೊತೆ ಟೀಚರ್ ಹೇಳಿದ ನಾಲ್ಕು ಸಾಲು ಕಡ್ಡಾಯ. ಒಬ್ಬರಿಗೆ ನಾಲ್ಕು ಹೆಸರು, ಭಾಗಮಂಡಲದವರ ವಿಧಾನದಲ್ಲಿ ಎಣಿಕೆ, ಸಮ ಬಂದರೆ ಎಲ್ಲರ ಎದುರು ಚೀಟಿ. ಯಾವುದಾದರೂ ಪುಸ್ತಕ ಕೈಬಿಟ್ಟರೆ ಕಾರಣ ಎಣಿಕೆಗೆ ಮೊದಲೇ ಪ್ರಕಟ. ಒಂದು ಅನುಮಾನ ಉಳಿದಿದೆ, ಮತಚೀಟಿಯ ಮೇಲೆ ಹೆಸರು ಬರೆಸಬೇಕೇ?

ಭಾಗಮಂಡಲ 3
ಹೆಸರು ಬೇಡ, ಕ್ರಮಸಂಖ್ಯೆ ಹಾಕಿ. ಪಾಲು ಹಂಚುವಾಗ ಯಾವ ಚೀಟಿಯಲ್ಲಿ ಇನ್ನೇನು ಉಳಿದಿದೆ ಎಂದು ಮತ್ತೆ ಮತ್ತೆ ನೋಡಬೇಕಾಗುತ್ತದೆ, ಸಂಖ್ಯೆ ಇಲ್ಲದಿದ್ದರೆ ಮೂರನೇ ಸುತ್ತಿಗೆ ಗೋಜಲು. ಒಂದೇ ಪುಸ್ತಕವನ್ನು ಎರಡು ಸಲ ಬರೆದಿದ್ದರೆ ಒಂದೇ ಸಲ ಎಣಿಸಿ. ಎಣಿಸುವವರು ಇಬ್ಬರಿರಲಿ, ಬೇರೆ ಬೇರೆ ಕೋಣೆಯಲ್ಲಿ.